ನಂಜನಗೂಡಿನಲ್ಲಿ ಬಕೆಟ್ಟು ಕಾಣೆಯಾದದ್ದು

ಸಮುದ್ರದಾಚೆ ಎಲ್ಲೋ ಕೂತ ಪುಣ್ಯಾತ್ಮನೊಬ್ಬ ಸಾಫ್ಟ್‌ವೇರಿನ ಒಂದು ಚಿತ್ರ ಬದಲಾಯಿಸಿದರೆ ನಂಜನಗೂಡಿನಲ್ಲಿ ಯಾರಿಗೋ ಅನ್ನ ಸೇರುವುದಿಲ್ಲ. ಇದು ಒಂದು ಸಲ ಆದದ್ದಲ್ಲ, ಎರಡು ಸಲ ಆದದ್ದಲ್ಲ. ಹೊಸ ಸಿ.ಡಿ. ಬಂದಾಗಲೆಲ್ಲ ಆಗಿದೆ, ಆದಾಗಲೆಲ್ಲ ಬೈಸಿಕೊಂಡವನು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ನಂಜನಗೂಡು, ತಾಂಡ್ಯ, ಟಿ. ನರಸೀಪುರ, ಇಷ್ಟೇ ನನ್ನ ಸಾಮ್ರಾಜ್ಯ. ಪ್ರೆಸ್ಸು, ಫೋಟೋ ಸ್ಟುಡಿಯೋ, ಕಾರ್ಖಾನೆಯ ಡ್ರಾಯಿಂಗ್ ಆಫೀಸು, ಎಲ್ಲರಿಗೂ ಡಿಸೈನ್ ಮಾಡುವ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ಆ ಸಾಫ್ಟ್‌ವೇರಿನಲ್ಲಿ ಪರದೆಯ ಎಡಗಡೆ ಹುಣಸೇಬೀಜದಷ್ಟು ದೊಡ್ಡ ಚಿತ್ರಗಳು ಸಾಲಾಗಿ ಇರುತ್ತವೆ. ಬಾಣ ಒತ್ತಿದರೆ ಎತ್ತಿಡಬಹುದು, ಬಕೆಟ್ಟು ಒತ್ತಿದರೆ ಬಣ್ಣ ತುಂಬಬಹುದು. ಕಂಪನಿಯವರು ಇವಕ್ಕೆ ಐಕಾನ್ ಅನ್ನುತ್ತಿದ್ದರು. ಒಂದು ವರ್ಷ ಆ ಕಂಪನಿ, ಇನ್ನೊಂದು ವರ್ಷ ಈ ಕಂಪನಿ, ಕೈ ಸುಮ್ಮನಿರಲಾರದೆ ಇವನ್ನು ಹೊಸದಾಗಿ ಬರೆಸುತ್ತಿದ್ದರು. ಕೆಲಸವೆಲ್ಲ ಹಳೆಯದೇ, ಮುಖ ಮಾತ್ರ ಬೇರೆ. ಜನಕ್ಕೆ ಆ ಮುಖದ ಮೇಲೇ ಕೋಪ. ಕಂಪನಿಯವನ ಮುಖ ಅವರಿಗೆ ಸಿಗುವುದಿಲ್ಲವಲ್ಲ, ನನ್ನದು ಸಿಗುತ್ತಿತ್ತು.

೧. ಗೂಡು ಕಲಸಿದ ಪಾಪಿ

ನಂಜನಗೂಡಿನ ಒಂದು ಪ್ರೆಸ್ಸಿನಲ್ಲಿ ಹಿರಿಯ ಕಂಪೋಸಿಟರ್ ಒಬ್ಬರಿದ್ದರು. ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಮೊಳೆ ಇಡುವ ಮರದ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಗೂಡು. ಇವರು ಪೆಟ್ಟಿಗೆಯ ಕಡೆ ನೋಡುತ್ತಲೇ ಇರಲಿಲ್ಲ, ಎಲೆಅಡಿಕೆ ಹಾಕಿಕೊಂಡು ಬೀದಿ ನೋಡುತ್ತಿದ್ದರು, ಕೈ ತಾನೇ ಹೋಗಿ ಅಕ್ಷರ ಆರಿಸುತ್ತಿತ್ತು. ಕಂಪ್ಯೂಟರ್ ಬಂದಾಗ ಅದನ್ನೂ ಹಾಗೆಯೇ ಕಲಿತರು. ಇಂಗ್ಲಿಷ್ ಪದಗಳ ತಂಟೆಗೆ ಹೋಗಲಿಲ್ಲ. ಮೊದಲ ಗೂಡು ಬಾಣ, ಮೂರನೇ ಗೂಡು ಭೂತಗನ್ನಡಿ, ಕೆಳಗಿನಿಂದ ಎರಡನೇದು ಬಕೆಟ್ಟು. ಊರಿನ ಅರ್ಧ ಲಗ್ನಪತ್ರಿಕೆ ಅವರ ಕೈಯಲ್ಲೇ ಆಗುತ್ತಿತ್ತು.

ಮೈಸೂರಿನಲ್ಲಿ ಪ್ಲೇಟು ಮಾಡಿ ಬಣ್ಣದ ಅಚ್ಚು ಹಾಕಿಕೊಡುವವರು ಹೊಸ ಆವೃತ್ತಿಗೆ ಹೋದರು, ಈ ಪ್ರೆಸ್ಸಿನವರೂ ಹೋಗಲೇಬೇಕಾಯಿತು. ನಾನು ಹೋಗಿ ಹಾಕಿಕೊಟ್ಟೆ. ಕಂಪೋಸಿಟರು ಕನ್ನಡಕ ಏರಿಸಿ, ಇಳಿಸಿ, ಪರದೆಯನ್ನು ಒಂದು ಗಳಿಗೆ ನೋಡಿದರು.

"ಬಕೆಟ್ ಎಲ್ಲಿ ಸಾ?"

ಇದೇ ಬಕೆಟ್ಟು, ಸ್ವಲ್ಪ ಓರೆಯಾಗಿದೆ, ಜಾಗ ಎರಡು ಮೇಲಕ್ಕೆ ಹೋಗಿದೆ ಎಂದು ತೋರಿಸಿದೆ.

"ಓರೆ ಆದ್ರೆ ಬಣ್ಣ ಚೆಲ್ಲೋಗಕಿಲ್ವಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು.

ಬೇರೆ ದಿನವಾಗಿದ್ದರೆ ನಾನು ನಕ್ಕು ಬಂದುಬಿಡುತ್ತಿದ್ದೆ. ಆದರೆ ಆಗ ಅವರ ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಟಿ. ನರಸೀಪುರ. ಇನ್ನು ಹದಿನೈದು ದಿನಕ್ಕೆ ಪತ್ರಿಕೆ ಸಿದ್ಧವಾಗಿ, ಮೊದಲನೆಯದು ನಂಜುಂಡಪ್ಪನ ಪಾದಕ್ಕೆ, ಎರಡನೆಯದು ಬೀಗರ ಮನೆಗೆ ಹೋಗಬೇಕು. ಊರಿಗೆಲ್ಲ ಮಾಡಿಕೊಟ್ಟವರು, ತಮ್ಮ ಮಗಳ ಪತ್ರಿಕೆಯನ್ನು ತಾವೇ ಮಾಡುತ್ತೇನೆಂದು ಗಂಡಿನ ಕಡೆಯವರ ಮುಂದೆ ಎದೆ ತಟ್ಟಿ ಹೇಳಿ ಬಂದಿದ್ದರು. ಪಕ್ಕದ ಕಂಪ್ಯೂಟರಿನ ಹುಡುಗಿ ಮಾಡಿಕೊಡಲಿ ಎಂದು ಮಾಲೀಕರು ಸಲಹೆ ಕೊಟ್ಟರೆ, ನನ್ನ ಮಗಳ ಪತ್ರಿಕೆಗೆ ಇನ್ನೊಬ್ಬರ ಕೈ ಬಿದ್ದರೆ ನಾನು ಮದುವೆಯ ದಿನ ಚಪ್ಪರದ ಹೊರಗೆ ನಿಲ್ಲುತ್ತೇನೆ ಎಂದರಂತೆ.

ಚಿತ್ರ ಸ್ವಲ್ಪ ಬದಲಾದರೆ ಇಷ್ಟು ರಂಪ ಯಾಕೆ ಎಂದು ನಾನೂ ಸಿಡುಕಿದೆ. ಅವರು ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು, ಧೂಳು ಹಿಡಿದಿದ್ದ ಹಳೇ ಮೊಳೆ ಪೆಟ್ಟಿಗೆ ಎಳೆದು, ನಾಲ್ಕು ಗೂಡನ್ನು ಕೈಯಾಡಿಸಿ ಕಲಸಿದರು. ಈಗ ಇದರಲ್ಲಿ ‘ಶ್ರೀ’ ಹುಡುಕಿ ಕೊಡಿ ಎಂದರು. ನಾನು ಬೆವರು ಸುರಿಸಿಕೊಂಡು ಅರ್ಧ ಗಂಟೆ ಹುಡುಕಿ ಒಂದನ್ನು ಕೊಟ್ಟೆ. ಬೆರಳಿನಲ್ಲಿ ಸವರಿ ನೋಡಿದರು.

"ಇದು ಶ್ರೀ ಅಲ್ಲ ಸಾ. ಅಂಚಿಗೆ ಹಾಕೋ ಬಳ್ಳಿ ಚಿತ್ರದ ಅರ್ಧ. ನಾನು ಬೆಳಗ್ಗೆಯಿಂದ ಈ ಪಾಡೇ ಪಡ್ತಾ ಇವ್ನಿ."

೨. ಕೂದಲಿಲ್ಲದ ಬ್ರಷ್ಷು

ಆ ವಾರವೇ ಟಿ. ನರಸೀಪುರದ ಸ್ಟುಡಿಯೋದಿಂದ ಫೋನು. ಅಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರಿಗೂ ಹೊಸ ಮುಖ ಬಂದಿತ್ತು, ಅದನ್ನು ಹಾಕಿದವನೂ ನಾನೇ. ಸ್ಟುಡಿಯೋದವರಿಗೆ ತೊಂದರೆ ಇರಲಿಲ್ಲ, ತೊಂದರೆ ಇದ್ದದ್ದು ಗಿರಾಕಿಗಳಿಗೆ.

ಅಲ್ಲಿನ ಪದ್ಧತಿ ಹಾಗೆ. ಗಂಡಿನ ಕಡೆಗೆ ಕಳಿಸಲು ಹೆಣ್ಣಿನ ಫೋಟೋ ತೆಗೆಸಿದರೆ ಮನೆಯವರೆಲ್ಲ ಕಂಪ್ಯೂಟರಿನ ಹಿಂದೆ ನಿಂತು ತಿದ್ದಿಸುವುದು. ತಲಕಾಡಿನ ಕಡೆಯ ಒಬ್ಬ ರೈತರು ಮಗಳ ಫೋಟೋ ತಿದ್ದಿಸಲು ಬಂದು, ಸ್ಟುಡಿಯೋದವರು ಬ್ರಷ್ಷಿನ ಚಿತ್ರ ಒತ್ತಿದ ಕೂಡಲೇ ಅವರ ಕೈ ಹಿಡಿದುಕೊಂಡರಂತೆ. ವರ್ಷದ ಹಿಂದೆ ಅವರ ಷಡ್ಡಕನ ಮಗಳ ಫೋಟೋಗೆ ಹಾಕಿದ್ದು ಈ ಬ್ರಷ್ಷಲ್ಲ. ಅದಕ್ಕೆ ಕಂದು ಹಿಡಿ ಇತ್ತು, ತುದಿಯಲ್ಲಿ ಕೂದಲು ಕಾಣುತ್ತಿತ್ತು. ಇದು ಬರೀ ಬೂದು ಗೀಟು. ಆ ಹುಡುಗಿಗೆ ಒಂದೇ ತಿಂಗಳಲ್ಲಿ ಗಂಡು ಗೊತ್ತಾಯಿತು.

"ಅವರಿಗೆ ಕೂದ್ಲಿರೋದು, ನಮಗೆ ಮಾತ್ರ ಬೋಳು ಬ್ರಷ್ಷಾ? ನಾವೂ ಅಷ್ಟೇ ದುಡ್ಡು ಕೊಡಾದು ಕಣ್ರೀ."

ಎರಡೂ ಒಂದೇ ಎಂದು ನಾನು ಹೋಗಿ ಆಣೆ ಮಾಡಿ ಹೇಳಿದೆ. ರೈತರು ನನ್ನ ತಲೆಯನ್ನೊಮ್ಮೆ ನೋಡಿದರು. ನನ್ನದು ಆಗಲೇ ಮುಂದೆ ಬೋಳಾಗಿತ್ತು, ನನ್ನ ಸಾಕ್ಷಿಗೆ ಬೆಲೆ ಸಿಗಲಿಲ್ಲ.

ಸ್ಟುಡಿಯೋದವರು ಬುದ್ಧಿವಂತರು. ಮೂಲೆಗೆ ಎಸೆದಿದ್ದ ಹಳೇ ಕಂಪ್ಯೂಟರ್ ಎತ್ತಿ ತಂದು ಹೊಸದರ ಪಕ್ಕದಲ್ಲಿ ಇಟ್ಟರು. ಕೆಲಸವನ್ನೆಲ್ಲ ಹೊಸದರಲ್ಲಿ ಮಾಡಿ, ಕೊನೆಯಲ್ಲಿ ಹಳೆಯದರ ಬ್ರಷ್ಷಿನ ಚಿತ್ರದ ಮೇಲೆ ಎರಡು ಸಲ ಸುಮ್ಮನೆ ಒತ್ತಿದರು. ಎರಡು ಯಂತ್ರಕ್ಕೂ ನಡುವೆ ಒಂದು ತಂತಿಯೂ ಇರಲಿಲ್ಲ. ರೈತರು ಹೊಸ ಪರದೆಯಲ್ಲಿದ್ದ ಮಗಳ ಮುಖಕ್ಕೆ ಬಗ್ಗಿ, ನೋಡಿ ಈಗ ಬಂತು ಕಳೆ ಎಂದು ಹೆಂಡತಿಗೆ ತೋರಿಸಿದರು.

೩. ನಾಲ್ಕು ಚಿತ್ರದ ಗೇಟ್ ಪಾಸು

ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಆಫೀಸು. ಅಲ್ಲಿನ ಹೆಡ್ ಡ್ರಾಫ್ಟ್ಸ್‌ಮನ್ ಕಡು ಶಿಸ್ತಿನ ಮನುಷ್ಯ. ಅವರಿಗೆ ಆ ದಿನ ನಾನು ಹಾಕಿಕೊಟ್ಟ ಹೊಸ ಆವೃತ್ತಿಯಲ್ಲಿ ಕಂಪನಿಯವರು ನಾಲ್ಕು ಚಿತ್ರಗಳನ್ನು ತೆಗೆದು ಒಂದರ ಹೊಟ್ಟೆಯೊಳಗೆ ಸೇರಿಸಿಬಿಟ್ಟಿದ್ದರು. ಒತ್ತಿ ಹಿಡಿದರೆ ಹೊರಗೆ ಬರುತ್ತವೆ. ಒತ್ತಿ ಹಿಡಿಯುವಷ್ಟು ಪುರುಸೊತ್ತು ಡ್ರಾಯಿಂಗ್ ಆಫೀಸಿಗೆ ಇಲ್ಲ, ಇದ್ದ ಜಾಗದಲ್ಲೇ ಬೇಕು ಎಂದರು. ಅದು ನನ್ನ ಕೈಯಲ್ಲಿಲ್ಲ ಎಂದು ಹೇಳಿ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.

ಗೇಟಿನಲ್ಲಿ ವಾಚ್‌ಮನ್ ತಡೆದ. ಒಳಗಿನಿಂದ ಸಾಹೇಬರ ಫೋನು ಬಂದಿದೆ, ನೀವು ಒಳಗೆ ಹೋದಾಗ ಇದ್ದ ನಾಲ್ಕು ಚಿತ್ರ ಈಗ ಇಲ್ಲವಂತೆ, ಬ್ಯಾಗು ತೋರಿಸಿ ಎಂದ. ಸಾಹೇಬರು ಹೊಟ್ಟೆಯುರಿಗೆ ಫೋನು ಮಾಡಿದ್ದು ನನಗೆ ಅರ್ಥವಾಯಿತು, ವಾಚ್‌ಮನ್ನಿಗೆ ಎಲ್ಲಿಂದ ಅರ್ಥವಾಗಬೇಕು? ಅವನು ಕರ್ತವ್ಯಕ್ಕೆ ನಿಂತ. ಟಿಫನ್ ಡಬ್ಬಿ ಬಿಚ್ಚಿದ, ಸಿ.ಡಿ.ಗಳನ್ನು ಬಿಸಿಲಿಗೆ ಹಿಡಿದು ನೋಡಿದ, ನನ್ನ ಛತ್ರಿಯನ್ನೂ ಬಿಚ್ಚಿ ಮುಚ್ಚಿದ. ಆ ಚಿತ್ರಗಳು ಕಂಪ್ಯೂಟರಿನ ಒಳಗೇ ಇವೆಯಪ್ಪ, ಬೇರೆ ಜಾಗದಲ್ಲಿವೆ ಎಂದೆ. ಹಾಗಾದರೆ ಅದು ಒಳಗಿನ ವರ್ಗಾವಣೆ, ಅದಕ್ಕೆ ಬೇರೆ ಫಾರಂ ಇದೆ ಎಂದ.

ಮಾತು ಬೆಳೆದು ಬಸ್ಸು ತಪ್ಪಿತು. ಕೊನೆಗೆ ಅವನಿಗೇ ಪಾಪ ಅನಿಸಿ ಒಂದು ಗೇಟ್ ಪಾಸ್ ಬರೆದುಕೊಟ್ಟ. ಸಾಮಾನಿನ ವಿವರ: ಚಿತ್ರ, ನಾಲ್ಕು. ತೂಕ: ಇಲ್ಲ. ವಾಪಸು ತರಬೇಕಾದದ್ದೋ ಅಲ್ಲವೋ: ತರತಕ್ಕದ್ದು.

೪. ಪೇಂಟರ್ ತಿದ್ದಿದ್ದು

ಟಿ. ನರಸೀಪುರದಲ್ಲೇ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರಿದ್ದರು. ತರಗತಿಯ ಗೋಡೆಯ ಮೇಲೆ ಅಂಗಡಿ ಬೋರ್ಡು ಬರೆಯುವ ಪೇಂಟರನಿಂದ ಎಲ್ಲ ಚಿತ್ರಗಳನ್ನೂ ಎಣ್ಣೆ ಬಣ್ಣದಲ್ಲಿ ಬರೆಸಿದ್ದರು, ಒಂದೊಂದೂ ತಟ್ಟೆಯಗಲ. ಹೊಸ ಆವೃತ್ತಿ ಬಂದ ಮೇಲೆ ಗೋಡೆ ಒಂದು ಹೇಳುತ್ತಿತ್ತು, ಪರದೆ ಇನ್ನೊಂದು. ಮೇಡಂ ಪೇಂಟರಿಗೆ ಮತ್ತೆ ಹೇಳಿಕಳಿಸಿದರು.

ಪೇಂಟರ್ ಪರದೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ಹೊಸ ಚಿತ್ರಗಳನ್ನು ಪರೀಕ್ಷೆ ಮಾಡಿದ. ಇದನ್ನು ಬರೆದವನಿಗೆ ಇನ್ನೂ ಕೈ ಕೂತಿಲ್ಲ, ಕತ್ತರಿ ಚಿತ್ರಕ್ಕೆ ನೆರಳಿಲ್ಲ, ಕೈ ಚಿತ್ರಕ್ಕೆ ಉಗುರಿಲ್ಲ, ಇಂಥದ್ದನ್ನು ಗೋಡೆಗೆ ಇಳಿಸಿದರೆ ನನಗೆ ಮುಂದೆ ಒಂದು ಬೋರ್ಡೂ ಸಿಗುವುದಿಲ್ಲ ಎಂದ. ಒಪ್ಪಿಸಿ ಬರೆಸಿದ್ದಾಯಿತು. ಆದರೆ ಅವನು ಸುಮ್ಮನೆ ಇಳಿಸಲಿಲ್ಲ, ತಿದ್ದಿದ. ಕತ್ತರಿಗೆ ಹೊಳಪು ಕೊಟ್ಟ, ಕೈಗೆ ಉಗುರು ಬರೆದ, ಉಗುರಿಗೆ ಬಣ್ಣ ಹಚ್ಚಿದ, ಆ ಕೈಗೆ ಎರಡು ಬಳೆಯನ್ನೂ ತೊಡಿಸಿದ. ಆ ವರ್ಷದ ವಿದ್ಯಾರ್ಥಿಗಳೆಲ್ಲ ಪರೀಕ್ಷೆಯ ದಿನ ಬಳೆ ಹಾಕಿದ ಕೈ ಕಾಣಲಿಲ್ಲವೆಂದು ಆ ಪ್ರಶ್ನೆ ಬಿಟ್ಟು ಬಂದರು.

೫. ಪುಸ್ತಕಕ್ಕೆ ಬ್ಲೇಡು

ಈ ಪೇಂಟರ್ ಕತೆಯನ್ನು ನಾನು ಬಾಯಿ ಮುಚ್ಚಿಕೊಂಡಿರಲಾರದೆ ನಮ್ಮ ಕಂಪೋಸಿಟರಿಗೆ ಹೇಳಿದೆ. ನಗಿಸೋಣ ಅಂತ ಹೇಳಿದ್ದು. ಪತ್ರಿಕೆಗೆ ಐದೇ ದಿನ ಉಳಿದಿತ್ತು, ಮನುಷ್ಯ ಸೊರಗಿಹೋಗಿದ್ದರು. ಎಲೆಅಡಿಕೆ ಕೂಡ ಬಿಟ್ಟಿದ್ದರು. ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ನಾಲ್ಕು ದಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದೆ, ಗಣಪತಿಯನ್ನು ಎತ್ತಿಡಲು ಹೋಗಿ ಸೊಂಡಿಲು ಕತ್ತರಿಸುತ್ತಿದ್ದರು.

ಕತೆ ಕೇಳಿ ಅವರು ನಗಲಿಲ್ಲ. ಹಳೇ ಆವೃತ್ತಿಯ ಜೊತೆ ಬಂದಿದ್ದ ದಪ್ಪ ಪುಸ್ತಕ ಎಲ್ಲಿದೆ ಎಂದು ಕೇಳಿದರು. ಮಾರನೇ ದಿನ ಹೋಗಿ ನೋಡುತ್ತೇನೆ, ಪುಸ್ತಕದಿಂದ ಹಳೇ ಚಿತ್ರಗಳನ್ನೆಲ್ಲ ಬ್ಲೇಡಿನಲ್ಲಿ ಕೊಯ್ದು, ಯಾವುದು ಎಲ್ಲಿಗೆ ಹೋಗಿದೆಯೆಂದು ಆ ಪಕ್ಕದ ಹುಡುಗಿಯ ಹತ್ತಿರ ಕೇಳಿಕೊಂಡು, ಮೈದಾ ಅಂಟು ಹಾಕಿ ಪರದೆಯ ಗಾಜಿನ ಮೇಲೆ ಮೆತ್ತಿಬಿಟ್ಟಿದ್ದರು. ಪುಸ್ತಕದಲ್ಲಿ ಚಿತ್ರ ಅಂಚೆಚೀಟಿಯಷ್ಟು ದೊಡ್ಡದು. ಹಾಗಾಗಿ ಪರದೆಯ ಎಡಗಡೆ ಮೂರು ಬೆರಳಗಲ ಪೂರಾ ಕಾಗದ. ಶುಭಕಾರ್ಯವೆಂದು ಮಾನಿಟರಿನ ನಾಲ್ಕು ಮೂಲೆಗೂ ಅರಿಸಿನ ಬೇರೆ ಹಚ್ಚಿದ್ದರು.

ಮೌಸಿನ ಬಾಣ ಕಾಗದದಡಿಗೆ ಹೋದರೆ ಕಾಣುವುದೇ ಇಲ್ಲವಲ್ಲ ಎಂದೆ. ಮೂವತ್ತು ವರ್ಷ ಗೂಡಿನ ಕಡೆ ನೋಡಿದವನಾ ನಾನು ಎಂದರು. ನಿಜ, ಬೀದಿ ನೋಡಿಕೊಂಡೇ ಒತ್ತುತ್ತಿದ್ದರು, ಒತ್ತಿದ್ದು ಸರಿಯಾಗಿ ಬೀಳುತ್ತಿತ್ತು. ಬಾಯಲ್ಲಿ ಎಲೆಅಡಿಕೆ ವಾಪಸು ಬಂದಿತ್ತು. ಎರಡು ದಿನದಲ್ಲಿ ಪತ್ರಿಕೆ ಎದ್ದು ನಿಂತಿತು, ಬಂಗಾರದ ಬಳ್ಳಿ, ನಡುವೆ ಗಣಪತಿ, ಸೊಂಡಿಲು ಸಮೇತ. ನಾನು ಹಾಕಿದ ಹೊಸ ಆವೃತ್ತಿಗೂ ಅಲ್ಲಿನ ಪ್ರಿಂಟರಿಗೂ ಇನ್ನೂ ಹೊಂದಾಣಿಕೆಯಾಗಿರಲಿಲ್ಲ, ಕಾಗದದ ಮೇಲೆ ತೆಗೆದು ನೋಡುವಂತಿರಲಿಲ್ಲ. ಪ್ರೂಫನ್ನು ಪರದೆಯ ಮೇಲೇ ಅಡಿಕೋಲು ಇಟ್ಟು ಸಾಲು ಸಾಲಾಗಿ ಓದಿ, ಫ್ಲಾಪಿಗೆ ಹಾಕಿ ಮೈಸೂರಿಗೆ ಕಳಿಸಿದರು. ಒಂದಕ್ಷರ ತಪ್ಪಿಲ್ಲ ಎಂದು ನನಗೆ ಕಾಫಿ ಕೊಡಿಸಿದರು.

೬. ಸೊನ್ನೆ

ಪತ್ರಿಕೆಯ ಕಟ್ಟು ಮೈಸೂರಿನಿಂದ ಅಚ್ಚಾಗಿ ಬಂದದ್ದು ಬೀಗರ ಮನೆಗೆ ಕೊಡಬೇಕಾದ ದಿನ ಬೆಳಗ್ಗೆ. ನನಗೆ ಫೋನು ಬಂತು. ಓಡಿದೆ. ಕಂಪೋಸಿಟರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಪತ್ರಿಕೆಯ ಕೆಳಗೆ, ಎಡಮೂಲೆಯಲ್ಲಿ, ರೂಪಾಯಿ ಅಗಲದ ಒಂದು ಸೊನ್ನೆ. ದುಂಡಗೆ, ಕೆಂಪಗೆ, ಒಳಗೆ ಖಾಲಿ. ಎಲ್ಲ ಪತ್ರಿಕೆಯಲ್ಲೂ.

ಆದದ್ದೇನೆಂದರೆ, ಕಾಗದ ಅಂಟಿಸಿದ ಮೊದಲ ದಿನ ಒತ್ತಿದ್ದು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಪತ್ರಿಕೆಯ ಹಾಳೆಯಲ್ಲೇ ಒಂದು ದುಂಡು ಬರೆದು ನೋಡಿದ್ದಾರೆ, ಆಮೇಲೆ ಅದನ್ನು ಪಕ್ಕಕ್ಕೆ ತಳ್ಳಿದ್ದಾರೆ. ಪಕ್ಕದಲ್ಲಿ ಬಕೆಟ್ಟಿನ ಕಾಗದ, ಅದು ಪತ್ರಿಕೆಯ ಮೂಲೆಯನ್ನೂ ಮುಚ್ಚಿತ್ತು. ಅದರಡಿಗೆ ಹೋದದ್ದು ಕಣ್ಣಿಗೆ ಕಾಣದೆ, ಅಳಿಸಿಹೋಯಿತು ಎಂದುಕೊಂಡಿದ್ದಾರೆ.

ಮತ್ತೆ ಅಚ್ಚು ಹಾಕಿಸಲು ಹೊತ್ತಿಲ್ಲ, ಬೀಗರು ಕಾಯುತ್ತಿದ್ದಾರೆ. ಪ್ರಿಂಟರ್ ಸರಿಯಾಗಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೈಯಲಿಲ್ಲ. ನೀವೂ ಬನ್ನಿ ಸಾ, ಬೈಸಿಕೊಳ್ಳುವಾಗ ಪಕ್ಕದಲ್ಲಿ ಒಬ್ಬರಿರಲಿ ಎಂದರು ಅಷ್ಟೇ. ದೇವಸ್ಥಾನದಲ್ಲಿ ಮೊದಲ ಪತ್ರಿಕೆ ಇಟ್ಟು, ಸೊನ್ನೆಯ ಮೇಲೆ ಹೂ ಮುಚ್ಚಿ ಕೈ ಮುಗಿದರು. ಬಸ್ಸಿನಲ್ಲಿ ಸುತ್ತೂರಿನ ಕಡೆಗೆ ತಿರುಗುವ ರಸ್ತೆ ದಾಟಿದೆವು. ಆಮೇಲೆ ಮೆಲ್ಲಗೆ, ಈ ಕೈಯಲ್ಲಿ ಎಷ್ಟು ಜನರ ಮಕ್ಕಳ ಪತ್ರಿಕೆ ಮಾಡಿದ್ದೇನೋ, ನನ್ನ ಮಗಳದ್ದಕ್ಕೇ ಹೀಗಾಗಬೇಕಾ ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಗಂಡಿನ ತಂದೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಗದ ಕೈಗೆ ಬಂದರೆ ಅದರ ಚುಕ್ಕಿಯನ್ನೂ ಬಿಡುವವರಲ್ಲ. ತಟ್ಟೆಯಿಂದ ಪತ್ರಿಕೆ ಎತ್ತಿ, ಮೇಲಿನಿಂದ ಓದುತ್ತ ಓದುತ್ತ ಕೆಳಗೆ ಬಂದರು. ಬೆರಳು ಮೂಲೆಯಲ್ಲಿ ನಿಂತಿತು.

"ಇದೇನು ಬೀಗರೇ, ಶುಭಕಾರ್ಯದ ಪತ್ರಿಕೇಲಿ ಸೊನ್ನೆ ಸುತ್ತಿದೀರಿ?"

ನಾನು ನೆಲ ನೋಡಿದೆ. ಕಂಪೋಸಿಟರು ಶಲ್ಯದಿಂದ ಮುಖ ಒರೆಸಿಕೊಂಡರು. ಒಳಗಿನಿಂದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. ಅಷ್ಟರಲ್ಲಿ ಗಂಡಿನ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದರು. ಅವರಿಗೆ ಓದು ಬಾರದು, ಕಣ್ಣೂ ಮಂಜು. ಬಂದ ಪತ್ರಿಕೆಗೆ ಮೊದಲು ಕುಂಕುಮ ಹಚ್ಚಿ ಆಮೇಲೆ ಓದಬೇಕು, ನೀನು ಮೊದಲೇ ಓದಿದೆಯಲ್ಲ ಎಂದು ಮಗನನ್ನು ಗದರಿ, ಪತ್ರಿಕೆ ಕಿತ್ತುಕೊಂಡು, ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ ನೇರವಾಗಿ ಆ ಸೊನ್ನೆಯೊಳಗೆ ಒತ್ತಿದರು. ಅಳತೆ ತೆಗೆದುಕೊಂಡು ಮಾಡಿದ ಹಾಗೆ ಕೂತಿತು.

ಅಜ್ಜಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಇಷ್ಟು ವರ್ಷ ನಾಲ್ಕು ಮೂಲೆಗೂ ಬಳಿದು ಬಳಿದು ಹೆಸರೆಲ್ಲ ಅಳಿಸಿಹೋಗುತ್ತಿತ್ತು, ಕುಂಕುಮಕ್ಕೆ ಅಂತಲೇ ಜಾಗ ಬಿಡಬೇಕೆಂದು ಒಬ್ಬರಿಗಾದರೂ ಹೊಳೆದಿತ್ತಾ ಎಂದು ಎಲ್ಲರನ್ನೂ ಕೇಳಿದರು.

"ಯಾರಪ್ಪ ಇದನ್ನ ಯೋಚ್ನೆ ಮಾಡಿದ್ದು?"

ಕಂಪೋಸಿಟರು ಶಲ್ಯ ಸರಿಮಾಡಿಕೊಂಡರು. ನನ್ನ ಕಡೆ ತಪ್ಪಿಯೂ ನೋಡಲಿಲ್ಲ.

"ನಾನೇ ಕಣವ್ವಾ. ಹದಿನೈದು ದಿನ ಯೋಚ್ನೆ ಮಾಡಿದೆ."

ಶಿರಸ್ತೇದಾರರು ಪತ್ರಿಕೆಯನ್ನು ಮತ್ತೆ ತೆಗೆದುಕೊಂಡು, ತಮಗೆ ಮೊದಲೇ ತಿಳಿದಿತ್ತೆಂಬಂತೆ ತಲೆಯಾಡಿಸಿದರು. ಮದುವೆ ಸಾಂಗವಾಗಿ ಆಯಿತು. ಕಂಪೋಸಿಟರು ಚಪ್ಪರದ ಒಳಗೇ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದರು. ಮುಂದಿನ ಮುಹೂರ್ತಗಳಿಗೆ ಟಿ. ನರಸೀಪುರದಿಂದಲೇ ಜನ ಪ್ರೆಸ್ಸು ಹುಡುಕಿಕೊಂಡು ಬಂದರು, ಕುಂಕುಮದ ಉಂಗುರ ಇರುವ ಪತ್ರಿಕೆ ಬೇಕು ಎಂದು.

ಒಂದೂವರೆ ವರ್ಷ ಕಳೆದು ಮತ್ತೊಂದು ಆವೃತ್ತಿ ಬಂತು. ಊರೂರಿನಲ್ಲಿ ನನ್ನಂಥವರು ಬೈಸಿಕೊಂಡದ್ದು ಕಂಪನಿಗೆ ಮುಟ್ಟಿತ್ತೋ ಏನೋ, ಹಳೇ ಚಿತ್ರಗಳೆಲ್ಲ ವಾಪಸು ಬಂದಿದ್ದವು. ಬಕೆಟ್ಟು ನೆಟ್ಟಗೆ, ಹಳೇ ಗೂಡಿನಲ್ಲೇ. ಜೀವಮಾನದಲ್ಲಿ ಮೊದಲ ಸಲ ಖುಷಿಯಿಂದ ಸಿ.ಡಿ. ಹಿಡಿದು ಪ್ರೆಸ್ಸಿಗೆ ಹೋದೆ. ಹಾಕಿ, ಇನ್ನು ಈ ಕಾಗದವೆಲ್ಲ ಬೇಡ ಎಂದು ಬಕೆಟ್ಟಿನ ಚೂರಿಗೆ ಉಗುರು ಹಾಕಿದೆ.

ಕಂಪೋಸಿಟರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಅದನ್ನ ಮುಟ್ಟಬೇಡಿ ಸಾ. ಅದರಡೀಲಿ ಇನ್ನೂ ಏನೇನು ಐತೋ. ನನ್ನ ಚಿಕ್ಕ ಮಗಳ ಮದ್ವೆ ಬಾಕಿ ಐತೆ."